ನೂರಕ್ಕೆ ಎರಡರ ಚಡಾವು: ಘಟ್ಟದ ಊರಿಗೆ ಸೈಕಲ್ ದಾರಿ

(ಶಿರಸಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ, ಕೊನೆಯಲ್ಲಿ ನಡೆದ ಪ್ರಶ್ನೋತ್ತರದ ಸ್ವಲ್ಪ ಭಾಗ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹಳಿ ಕಿತ್ತ ರೈಲು ದಾರಿಯ ಮೇಲೆ ಸೈಕಲ್ ಓಡಿಸುವ ವಿಷಯ ಇಂದಿನದು. ಶಿರಸಿಯಲ್ಲಿ ನಿಂತು ಇದನ್ನು ಹೇಳುವುದು ಸ್ವಲ್ಪ ಮುಜುಗರದ ಕೆಲಸವೇ. ಇಲ್ಲಿ ಕೀಳುವುದಕ್ಕೆ ಹಳಿಯಾದರೂ ಎಲ್ಲಿದೆ? ನಾವು ರೈಲು ಹತ್ತಬೇಕಾದರೆ ತಾಳಗುಪ್ಪಕ್ಕೆ ಹೋಗಬೇಕು, ಇಲ್ಲ ಹಾವೇರಿಗೆ, ಇಲ್ಲ ಘಟ್ಟ ಇಳಿದು ಕುಮಟಾಕ್ಕೆ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಮಾತು ಕಾಲು ಶತಮಾನ ದಾಟಿದೆ. ಅದರ ಪರ ಇರುವವರೂ ವಿರುದ್ಧ ಇರುವವರೂ ಈ ಸಭೆಯಲ್ಲಿ ಅಕ್ಕಪಕ್ಕದಲ್ಲೇ ಕೂತಿದ್ದೀರಿ, ನನಗೆ ಕಾಣುತ್ತಿದೆ. ಇವತ್ತು ಆ ಜಗಳಕ್ಕೆ ನಾನು ಕೈ ಹಾಕುವುದಿಲ್ಲ.

ಆದರೆ ಈ ಹಳೇ ಕಥೆ ಒಂದು ನೆನಪಿರಲಿ. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಅದರ ಹಿಂದಿದ್ದದ್ದು ಹತ್ತಿ. ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿ ಸಿಗದಾದಾಗ, ಧಾರವಾಡ ಸೀಮೆಯ ಹತ್ತಿಯನ್ನು ಕಾರವಾರ ಬಂದರಿಗೆ ಇಳಿಸುವ ಲೆಕ್ಕಾಚಾರ ನಡೆಯಿತು. ಘಟ್ಟದಲ್ಲಿ ಗಾಡಿರಸ್ತೆಗಳಾದವು. ಹಿಂದೆಯೇ ರೈಲು ಬರುತ್ತದೆ ಅಂತ ಕಾರವಾರದವರು ಕಾದರು. 1880ರ ದಶಕದಲ್ಲಿ ರೈಲೇನೋ ಘಟ್ಟ ಇಳಿಯಿತು, ಆದರೆ ಕ್ಯಾಸಲ್‌ರಾಕಿನ ಮೇಲಿಂದ ಗೋವಾಕ್ಕೆ, ಮರ್ಮಗೋವಾ ಬಂದರಿಗೆ. ಕೊಂಕಣ ರೈಲ್ವೆ ಪೂರ್ತಿ ಶುರುವಾದದ್ದು 1998ರ ಜನವರಿಯಲ್ಲಿ. ಅಲ್ಲಿಯವರೆಗೆ ಕರಾವಳಿಯವರೂ ನಮ್ಮ ಹಾಗೆಯೇ ಬಸ್ಸಿನವರು.

ಹಾಗಾಗಿ ಹಳಿ ತೆಗೆದು ಸೈಕಲ್ ದಾರಿ ಮಾಡಿ ಅಂತ ಹೇಳಲು ನಾನು ಬಂದಿಲ್ಲ. ಹೇಳಿದರೂ ನೀವು ಬಿಡುವವರಲ್ಲ. ರಸ್ತೆ ಕೆಲಸದಲ್ಲಿ ವಯಸ್ಸು ಕಳೆದವನಿಗೆ ಊರುಗಳು ಏರು, ಇಳಿತ, ಮೋರಿಗಳಾಗಿ ಕಾಣುತ್ತವೆ. ನನಗೂ ಹಾಗೇ. ಆ ಕಣ್ಣಿನಿಂದ ನೋಡಿದರೆ ಈ ರೈಲು-ದಾರಿಗಳಲ್ಲಿ ನಮಗೆ ಬೇಕಾದ ಒಂದು ಸಂಗತಿ ಇದೆ. ಅದಕ್ಕೆ ಹಳಿ ಬೇಕಿಲ್ಲ.

ಮೊದಲು ಒಂದು ಸಣ್ಣ ಊರಿನ ಕಥೆ. ಅಮೆರಿಕದ ವರ್ಜೀನಿಯಾ ರಾಜ್ಯದ ಬೆಟ್ಟಗಳಲ್ಲಿ ಡಮಾಸ್ಕಸ್ ಅಂತ ಒಂದು ಪಟ್ಟಣ. ಪಟ್ಟಣ ಅಂದೆ, ಆದರೆ ಜನಸಂಖ್ಯೆ ಸಾವಿರದೊಳಗೆ. ನಮ್ಮ ದೊಡ್ಡ ಹಳ್ಳಿ ಅದಕ್ಕಿಂತ ದೊಡ್ಡದಿರುತ್ತದೆ. ಸುತ್ತಲಿನ ಕಾಡಿನಿಂದ ನಾಟಾ ಸಾಗಿಸಲು ಆ ಕಡೆ ರೈಲು ಬಂತು. ಚಡಾವು ಜಾಸ್ತಿ, ಸೇತುವೆ ಜಾಸ್ತಿ, ಉಗಿ ಎಂಜಿನ್ ತೆವಳಿಕೊಂಡು ಹತ್ತುತ್ತಿತ್ತು. ಅದಕ್ಕೆ ಜನ ಅದನ್ನು ಅಲ್ಲಿನ ಒಂದು ಬಳ್ಳಿಯ ಹೆಸರಿನಿಂದ ವರ್ಜೀನಿಯಾ ಕ್ರೀಪರ್ ಅಂತ ಕರೆದರು. ಕಾಡು ಬರಿದಾಯಿತು, ನಾಟಾ ಮುಗಿಯಿತು, 1977ರಲ್ಲಿ ಕೊನೆಯ ರೈಲು ಹೋಯಿತು. ಹಳಿ ಕಿತ್ತರು. ನೆಲ ಉಳಿಯಿತು.

ಆ ನೆಲದ ಮೇಲೆ 1980ರ ದಶಕದಲ್ಲಿ ನಡೆಯುವವರಿಗೆ, ಸೈಕಲಿನವರಿಗೆ, ಕುದುರೆಯವರಿಗೆ ಅಂತ ದಾರಿ ಮಾಡಿದರು. ಉದ್ದ ಸುಮಾರು 55 ಕಿ.ಮೀ. ಒಂದು ತುದಿ ಅಬಿಂಗ್ಡನ್, ಇನ್ನೊಂದು ತುದಿ ಬೆಟ್ಟದ ಮೇಲಿನ ವೈಟ್‌ಟಾಪ್. ಡಮಾಸ್ಕಸ್ ಹೆಚ್ಚುಕಡಿಮೆ ನಡುವೆ. ವೈಟ್‌ಟಾಪಿನಿಂದ ಡಮಾಸ್ಕಸಿಗೆ ಸುಮಾರು 27 ಕಿ.ಮೀ., ಇಳಿತ ಹತ್ತಿರಹತ್ತಿರ 500 ಮೀಟರ್. ಊರಿನವರು ಏನು ಮಾಡಿದರು ನೋಡಿ. ವ್ಯಾನು ಇಟ್ಟರು. ವ್ಯಾನಿನ ಹಿಂದೆ ಸೈಕಲ್ ಕಟ್ಟುವ ಟ್ರೇಲರ್. ಬಂದವರನ್ನೂ ಬಾಡಿಗೆ ಸೈಕಲನ್ನೂ ಮೇಲೆ ಬಿಟ್ಟು ಬರುವುದು. ಅವರು ಪೆಡಲ್ ಅಷ್ಟೇನೂ ತುಳಿಯದೆ, ಮರದ ಸೇತುವೆಗಳ ಮೇಲೆ, ಹಳ್ಳದ ಪಕ್ಕದಲ್ಲಿ ಇಳಿದುಕೊಂಡು ಊರಿಗೆ ಬರುವುದು. ಹೊತ್ತಿಗೆ ಸರಿಯಾಗಿ ಹಸಿವಾಗಿರುತ್ತದೆ. ಇಡೀ ಊರಿನ ವ್ಯಾಪಾರ ನಿಂತದ್ದು ಈ ಇಳಿತದ ಮೇಲೆ.

ಈಗ ಆ ಎರಡು ಸಂಖ್ಯೆಗಳನ್ನು ಭಾಗಿಸಿ. 27 ಕಿ.ಮೀ.ಗೆ 500 ಮೀಟರ್ ಅಂದರೆ ನೂರು ಮೀಟರ್ ಹೋದರೆ ಎರಡು ಮೀಟರಿಗಿಂತ ಕಮ್ಮಿ. ಬೆಟ್ಟದ ಊರಲ್ಲಿ ಇಷ್ಟು ಸಣ್ಣ ಏರು ಹೇಗೆ ಬಂತು? ರೈಲಿನಿಂದ ಬಂತು. ಉಕ್ಕಿನ ಗಾಲಿ, ಉಕ್ಕಿನ ಹಳಿ. ಎರಡೂ ಗಟ್ಟಿ, ಎರಡೂ ನುಣುಪು. ಬಯಲಲ್ಲಿ ಅದೇ ಲಾಭ, ಸಣ್ಣ ಶಕ್ತಿಯಲ್ಲಿ ದೊಡ್ಡ ಭಾರ ಎಳೆಯಬಹುದು. ಚಡಾವಿನಲ್ಲಿ ಅದೇ ಕಷ್ಟ, ಹಿಡಿತ ಸಾಲದೆ ಗಾಲಿ ನಿಂತಲ್ಲೇ ತಿರುಗುತ್ತದೆ. ನಮ್ಮ ಜಿಲ್ಲೆಯ ಕ್ಯಾಸಲ್‌ರಾಕಿನಿಂದ ಕೆಳಗೆ ಗೋವಾದ ಕುಳೆಂವರೆಗಿನ ಘಟ್ಟ ಇದೆಯಲ್ಲ, ಅಲ್ಲಿಯ ಕಡಿದಾದ ಏರು 37ಕ್ಕೆ 1. ಲೆಕ್ಕ ಹಾಕಿದರೆ ನೂರಕ್ಕೆ 2.7 ಅಷ್ಟೇ. ಆ ಏರಿಗೇ ಗಾಡಿಯ ಹಿಂದೆ ನೂಕಲು ಬೇರೆ ಎಂಜಿನ್ ಹಚ್ಚುತ್ತಾರೆ. ಲಾರಿಯವನಿಗೆ ಆ ಏರು ಏರೇ ಅಲ್ಲ. ಗುಡ್ಡಗಾಡಿನ ರಸ್ತೆಗೆ ನಮ್ಮ ನಿಯಮವೇ ನೂರಕ್ಕೆ 5 ಅನ್ನುತ್ತದೆ, ಬೇರೆ ದಾರಿಯಿಲ್ಲದ ಕಡೆ ಇನ್ನೂ ಒಂದೆರಡು ಕೂಡಿಸಬಹುದು.

ಕಾಲಿಗೆ ಇದು ಹೇಗೆ ಗೊತ್ತಾಗುತ್ತದೆ ಹೇಳುತ್ತೇನೆ. ನೂರಕ್ಕೆ 2 ಇದ್ದರೆ ನೀವು ಪಕ್ಕದವರ ಜೊತೆ ಮಾತಾಡುತ್ತ ಹತ್ತುತ್ತೀರಿ. ಮಾತಿನ ನಡುವೆ ಉಸಿರು ಎಳೆದುಕೊಳ್ಳುವುದು ನಿಮಗೇ ತಿಳಿಯುವುದಿಲ್ಲ. ನೂರಕ್ಕೆ 5 ಆದಾಗ ಮಾತು ನಿಲ್ಲುತ್ತದೆ. ಸೀಟಿನಿಂದ ಮುಂದಕ್ಕೆ ಬಾಗುತ್ತೀರಿ, ಕಣ್ಣು ಮುಂದಿನ ಗಾಲಿಯ ಮೇಲೆ. ಸುತ್ತ ಏನಿದೆ ಅಂತ ನೋಡುವುದಿಲ್ಲ. 8 ಆದರೆ ಗೇರ್ ಇಲ್ಲದ ಸೈಕಲಿನವರು ಇಳಿದು ತಳ್ಳುತ್ತಾರೆ, ಗೇರ್ ಇರುವವರಲ್ಲೂ ಅರ್ಧ ಜನ ಅದನ್ನೇ ಮಾಡುತ್ತಾರೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೇ. 2ಕ್ಕೂ 5ಕ್ಕೂ ಕಾಗದದ ಮೇಲೆ ಮೂರರ ವ್ಯತ್ಯಾಸ. ದಾರಿಯಲ್ಲಿ ನೋಡಿದರೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಅನ್ನುವ ವ್ಯತ್ಯಾಸ ಅದು. ನೂರಕ್ಕೆ 2ರ ದಾರಿಗೆ ಅರವತ್ತರ ಅಮ್ಮನೂ ಬರುತ್ತಾರೆ, ಎಂಟು ವರ್ಷದ ಮಗುವೂ ಬರುತ್ತದೆ. ನೂರಕ್ಕೆ 5ರ ದಾರಿಗೆ ಬೆಂಗಳೂರಿನಿಂದ ಹೆಲ್ಮೆಟ್ ಹಾಕಿಕೊಂಡು ಹತ್ತು ಹುಡುಗರು ಬರುತ್ತಾರೆ, ಫೋಟೊ ತೆಗೆದು ಹೋಗುತ್ತಾರೆ.

ಇನ್ನೊಂದು ದಾರಿ ನ್ಯೂಜಿಲೆಂಡಿನಲ್ಲಿ, ಒಟಾಗೊ ಸೆಂಟ್ರಲ್ ಅಂತ. ಅಲ್ಲಿ ರೈಲು ನಿಂತದ್ದು 1990ರಲ್ಲಿ. ಸೈಕಲ್ ದಾರಿ ಪೂರ್ತಿಯಾದದ್ದು 2000ದಲ್ಲಿ, ಮಿಡಲ್‌ಮಾರ್ಚಿನಿಂದ ಕ್ಲೈಡ್‌ವರೆಗೆ ಸುಮಾರು 150 ಕಿ.ಮೀ. ಜನ ಅದನ್ನು ಮೂರು, ನಾಲ್ಕು, ಐದು ದಿನ ತೆಗೆದುಕೊಂಡು ಮುಗಿಸುತ್ತಾರೆ. ಅಂದರೆ ಎರಡು ರಾತ್ರಿಯಾದರೂ ದಾರಿಯಲ್ಲಿ ಮಲಗಲೇಬೇಕು. ಉಗಿ ರೈಲಿಗೆ ನೀರು ತುಂಬಿಸಲು ಹತ್ತಿಪ್ಪತ್ತು ಕಿ.ಮೀ.ಗೆ ಒಂದು ನಿಲ್ದಾಣ ಬೇಕಿತ್ತು. ನಿಲ್ದಾಣ ಇದ್ದಲ್ಲಿ ಹೋಟೆಲು, ಅಂಗಡಿ, ನಾಲ್ಕು ಮನೆ. ಎಂಜಿನ್ನಿಗೆ ಬಾಯಾರಿದ ಜಾಗದಲ್ಲೇ ಸೈಕಲಿನವರಿಗೂ ಬಾಯಾರುತ್ತದೆ. ಆಸ್ತಿ ಅನ್ನಬೇಕಾದದ್ದು ಈ ಅಂತರವನ್ನು. ಮುಚ್ಚಿಹೋಗುತ್ತಿದ್ದ ಊರುಗಳ ಹೋಟೆಲುಗಳು ಅದರಿಂದಾಗಿ ಬಾಗಿಲು ತೆರೆದುಕೊಂಡವು.

ನಮ್ಮಲ್ಲಿ ಪ್ರವಾಸ ಹೇಗಿದೆ? ದಾಂಡೇಲಿಯನ್ನೇ ತೆಗೆದುಕೊಳ್ಳಿ. ಕಾರು ಬರುತ್ತದೆ, ರೆಸಾರ್ಟಿನ ಗೇಟು ತೆರೆಯುತ್ತದೆ, ಕಾರು ಒಳಗೆ ಹೋಗುತ್ತದೆ, ಗೇಟು ಮುಚ್ಚುತ್ತದೆ. ಊಟ ಒಳಗೆ, ಆಟ ಒಳಗೆ. ಸೂಪಾ ಅಣೆಕಟ್ಟಿನಿಂದ ಕರೆಂಟಿಗೆ ನೀರು ಬಿಟ್ಟಾಗ ಗಣೇಶಗುಡಿಯಲ್ಲಿ ರಾಫ್ಟಿಂಗ್. ಮತ್ತೆ ಕಾರು ಹತ್ತಿ ವಾಪಸ್. ನಡುವಿನ ಹಳ್ಳಿಯವರಿಗೆ ಸಿಗುವುದು ಹಾರ್ನು ಮತ್ತು ಬಾಟಲಿ. ಇದರಲ್ಲಿ ಕೆಲಸ ಸಿಕ್ಕವರು ಇದ್ದಾರೆ, ನಾನು ಅಲ್ಲಗಳೆಯುವುದಿಲ್ಲ. ಜೋಯಿಡಾ ಕಡೆ ಮನೆಯಲ್ಲೇ ಜನರನ್ನು ಇಟ್ಟುಕೊಂಡು ಚೆನ್ನಾಗಿ ನಡೆಸುವವರೂ ಇದ್ದಾರೆ. ಆದರೆ ಗಂಟೆಗೆ ಅರವತ್ತರಲ್ಲಿ ಹೋಗುವವರು ಒಂದು ಲೋಟ ಕೋಕಂ ಕುಡಿಯಲು ನಿಲ್ಲುವುದಿಲ್ಲ. ಹನ್ನೆರಡರಲ್ಲಿ ಹೋಗುವವರು ನಿಲ್ಲುತ್ತಾರೆ. ಕುಮಟಾ, ಅಂಕೋಲಾದ ಹೋಟೆಲುಗಳಲ್ಲಿ ಬೆಳಿಗ್ಗೆ ಬನ್ಸು, ಭಾಜಿ ತಿನ್ನುವವರನ್ನು ನೋಡಿ, ಹೆಚ್ಚಿನವರು ನಡೆದೋ ಬೈಕಿನಲ್ಲೋ ಬಂದವರು.

ಸರಿ, ಹಾಗಾದರೆ ದಾಂಡೇಲಿಗೆ ಒಂದು ಹಳೇ ರೈಲು ಇದೆಯಲ್ಲ ಅಂತ ಯಾರೋ ಆಗಲೇ ಕೇಳಿದರು. ಇದೆ. ಅಳ್ನಾವರದಿಂದ ದಾಂಡೇಲಿ ಪಕ್ಕದ ಅಂಬೇವಾಡಿಗೆ. ಅದೂ ನಾಟಾ ಸಾಗಿಸಲು ಬ್ರಿಟಿಷರ ಕಾಲದಲ್ಲಿ ಹಾಕಿದ್ದು, ಥೇಟ್ ಡಮಾಸ್ಕಸಿನ ಹಾಗೆ. ಆದರೆ ಅದು ಸತ್ತ ಹಳಿ ಅಲ್ಲ. ಬ್ರಾಡ್‌ಗೇಜ್ ಆಗಿದೆ, ಎಷ್ಟೋ ವರ್ಷ ಬೇಡಿಕೆ ಇಟ್ಟ ಮೇಲೆ 2019ರಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿತು. ರೈಲಿಗಾಗಿ ಅರ್ಜಿ ಹಿಡಿದು ಓಡಾಡಿದವರ ಮುಂದೆ ಸೈಕಲ್ ದಾರಿಯ ಮಾತು ಎತ್ತುವುದು ಅನ್ಯಾಯ. ಹಳಿ ಇದ್ದರೆ ರೈಲೇ ಓಡಲಿ.

ಈ ವಿಷಯದಲ್ಲಿ ಅಮೆರಿಕದವರ ಒಂದು ಕಾನೂನು ನನಗೆ ಹಿಡಿಸಿತು. 1983ರದು. ರೈಲು ನಿಲ್ಲಿಸಿದ ಕಂಪನಿ ಆ ನೆಲದ ಪಟ್ಟಿಯನ್ನು ತುಂಡುತುಂಡಾಗಿ ಮಾರುವ ಬದಲು ಇಡಿಯಾಗಿ ಕಾದಿಡಬಹುದು. ಅಲ್ಲಿಯವರೆಗೆ ಜನ ನಡೆಯಲಿ, ಸೈಕಲ್ ತುಳಿಯಲಿ. ಮುಂದೆ ರೈಲು ಬೇಕಾದರೆ ದಾರಿ ಬಿಟ್ಟುಕೊಡಬೇಕು. ಒಂದು ಸಲ ತುಂಡಾದ ಪಟ್ಟಿಯನ್ನು ಮತ್ತೆ ಜೋಡಿಸುವುದು ಎಷ್ಟು ಕಷ್ಟ ಅಂತ ಭೂಸ್ವಾಧೀನದ ಫೈಲು ಹೊತ್ತವರಿಗೆ ಗೊತ್ತು. ಹಾಗಂತ ಅಲ್ಲಿ ಜಗಳ ಇಲ್ಲದಿಲ್ಲ. ರೈಲು ಹೋದ ಮೇಲೆ ನೆಲ ನಮಗೇ ವಾಪಸ್ ಬರಬೇಕು ಅಂತ ಪಕ್ಕದ ಜಮೀನಿನವರು ಕೋರ್ಟಿಗೆ ಹೋದರು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ವಯೋಮಿಂಗಿನ ಒಂದು ಪ್ರಕರಣದಲ್ಲಿ ಜಮೀನಿನವರ ಕಡೆಗೇ ತೀರ್ಪು ಕೊಟ್ಟಿತು. ನೆಲದ ಪ್ರಶ್ನೆ ಎಲ್ಲ ಕಡೆಯೂ ನೆಲದ ಪ್ರಶ್ನೆಯೇ.

ನಡುವೆ ಒಂದು ಮಾತು, ಇಲ್ಲಿ ಹುಡುಗರು ಜಾಸ್ತಿ ಇದ್ದೀರಿ ಅಂತ. ಓಡುವ ಹಳಿಯ ಮೇಲೆ ಟ್ರೆಕ್ಕಿಂಗ್ ಬೇಡ. ದೂಧಸಾಗರ ಜಲಪಾತ ನೋಡಲು ಹಳಿ ಹಿಡಿದು ನಡೆದವರಿಗೆ 2023ರ ಜುಲೈನಲ್ಲಿ ಅಲ್ಲೇ ಬಸ್ಕಿ ಹೊಡೆಸಿದ್ದನ್ನು ನೀವೆಲ್ಲ ಮೊಬೈಲಿನಲ್ಲಿ ನೋಡಿ ನಕ್ಕಿದ್ದೀರಿ. ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲೂ ಇದೆ. ಅದು ಬಿಡಿ, ಆ ಘಟ್ಟದ ಸುರಂಗದಲ್ಲಿ ಗೂಡ್ಸು ಗಾಡಿ ಎದುರಾದರೆ ಪಕ್ಕಕ್ಕೆ ಸರಿಯಲು ಎಷ್ಟು ಜಾಗ ಇರುತ್ತದೆ ಅಂತ ಯೋಚಿಸಿ.

ಈಗ ನಮ್ಮ ವಿಷಯಕ್ಕೆ ಬರೋಣ. ಹಳಿ ಇಲ್ಲ. ಹಾಗಾದರೆ ಸಣ್ಣ ಏರಿನ, ತುಂಡಾಗದ ಪಟ್ಟಿ ನಮ್ಮಲ್ಲಿ ಎಲ್ಲಿದೆ?

ಒಂದು, ಹಳೇ ಗಾಡಿದಾರಿಗಳು. ಎತ್ತಿಗೂ ರೈಲಿಗೂ ಒಂದು ಹೋಲಿಕೆ ಇದೆ, ಎರಡಕ್ಕೂ ಕಡಿದಾದ ಚಡಾವು ಆಗುವುದಿಲ್ಲ. ಘಟ್ಟದ ಗಾಡಿರಸ್ತೆಗೆ ಆಗಿನ ಎಂಜಿನಿಯರುಗಳು ಇಟ್ಟುಕೊಂಡಿದ್ದ ಲೆಕ್ಕ ಸಾಮಾನ್ಯವಾಗಿ 20ಕ್ಕೆ 1. ಅಂದರೆ ನೂರಕ್ಕೆ 5. ರೈಲಿನಷ್ಟು ಸಣ್ಣ ಏರಲ್ಲ, ನಿಜ. ಆದರೆ ಒಂದೇ ಸಮ ಇರುತ್ತದೆ. ಹತ್ತುವಾಗ ಬೆವರು ಬರುತ್ತದೆ, ಇಳಿಯುವಾಗ ಬ್ರೇಕ್ ಬಿಸಿಯಾಗುವುದಿಲ್ಲ. ರಸ್ತೆ ಅಗಲ ಮಾಡುವಾಗ, ನೇರ ಮಾಡುವಾಗ ಹಳೇ ತಿರುವುಗಳು ಪಕ್ಕಕ್ಕೆ ಉಳಿಯುತ್ತವೆ. ಹೆದ್ದಾರಿ 66ನ್ನು ಚತುಷ್ಪಥ ಮಾಡುವಾಗ ಕರಾವಳಿಯಲ್ಲಿ ಹೀಗೆ ಉಳಿದ ತುಂಡುಗಳನ್ನು ನೀವೇ ನೋಡಿದ್ದೀರಿ. ಅಲ್ಲಿ ಈಗ ಜಲ್ಲಿ ರಾಶಿ, ಕಸ, ಕೆಟ್ಟು ನಿಂತ ಟಿಪ್ಪರು. ಡಾಂಬರು ಮಾತ್ರ ಇನ್ನೂ ಗಟ್ಟಿ. ಹೊಸದಾಗಿ ಒಂದು ಮರ ಕಡಿಯದೆ ಸಿಗುವ ದಾರಿ ಅದು.

ಎರಡು, ಪೂರ್ವಕ್ಕೆ ಹೊರಳುವುದು. ಎಲ್ಲರಿಗೂ ಘಟ್ಟ ಅಂದರೆ ಪಡುವಣ, ಸಮುದ್ರದ ಕಡೆಯ ಇಳುಕಲು. ಶಿರಸಿಯಿಂದ ಬನವಾಸಿ ಕಡೆಗೆ ಹೋಗಿ ನೋಡಿ. ನೆಲ ನಿಧಾನಕ್ಕೆ ಇಳಿಯುತ್ತದೆ, ಅಡಿಕೆ ತೋಟ ಹೋಗಿ ಗದ್ದೆ ಬರುತ್ತದೆ, ಕೊನೆಗೆ ವರದಾ ನದಿ, ಮಧುಕೇಶ್ವರ ದೇವಸ್ಥಾನ. ಇಪ್ಪತ್ತು ಚಿಲ್ಲರೆ ಕಿ.ಮೀ. ಒಳದಾರಿಗಳೂ ಇವೆ. ಕದಂಬರು ರಾಜಧಾನಿ ಮಾಡಿಕೊಂಡ ಊರಿಗೆ ಸೈಕಲಿನಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು ಅಂತ ಪ್ರವಾಸೋದ್ಯಮದ ಯಾವ ಬೋರ್ಡಿನಲ್ಲೂ ನಾನು ಓದಿಲ್ಲ.

ಮೂರನೆಯದು ನನಗೆ ತುಂಬ ಇಷ್ಟವಾದದ್ದು, ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತೇನೆ. ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತಿನ ಮುಖ್ಯ ಜೌಗು ನೆಲಗಳಲ್ಲಿ ಒಂದು. ಅಲ್ಲಿ ಗಜನಿ ಭೂಮಿ ಇದೆ. ಉಪ್ಪುನೀರು ನುಗ್ಗದ ಹಾಗೆ ಕಟ್ಟೆ ಕಟ್ಟಿ, ಮಳೆಗಾಲದಲ್ಲಿ ಉಪ್ಪು ತಡೆಯುವ ಕಗ್ಗ ಭತ್ತ ಬೆಳೆಯುತ್ತಾರೆ, ಬೆಳೆ ತೆಗೆದ ಮೇಲೆ ಸಿಗಡಿ, ಮೀನು. ಆ ಕಟ್ಟೆಗಳಿಗೆ ಏರೂ ಇಲ್ಲ, ಇಳಿತವೂ ಇಲ್ಲ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಗದ್ದೆ. ನೀರಿಳಿತದ ಹೊತ್ತಿಗೆ ಸೊಂಟದ ಮಟ್ಟದ ನೀರಿನಲ್ಲಿ ನಿಂತು ಹೆಂಗಸರು ಬಳಚು, ಅಂದರೆ ಚಿಪ್ಪುಮೀನು, ಹೆಕ್ಕುತ್ತಿರುತ್ತಾರೆ. ಕಾಲಿನಿಂದ ಕೆಸರು ತಡವಿ, ಬಗ್ಗಿ, ತೆಗೆದು, ತೇಲುವ ಪಾತ್ರೆಗೆ ಹಾಕಿ, ಮತ್ತೆ ತಡವಿ. ಸಾಣಿಕಟ್ಟೆಯ ಕಡೆ ಉಪ್ಪಿನಾಗರ. ಮಿರ್ಜಾನಿನಲ್ಲಿ ಕೋಟೆ ಇದೆ, ಕೊಂಕಣ ರೈಲ್ವೆ ನಿಲ್ದಾಣವೂ ಇದೆ. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ಬಾರ್ಜು ಬೈಕು, ಸ್ಕೂಟರು ಹತ್ತಿಸಿಕೊಂಡು ದಾಟುತ್ತದೆ. ಸೈಕಲಿಗೆ ಬೇಡ ಅನ್ನುತ್ತಾರೆಯೇ? ಗೋಕರ್ಣಕ್ಕೆ ಬರುವ ಜನ ಕುಡ್ಲೆ, ಓಂ, ಹಾಫ್‌ಮೂನ್ ಅಂತ ಗುಡ್ಡ ಹತ್ತಿ ಇಳಿದು ಒಂದೇ ಸಾಲಿನಲ್ಲಿ ನಡೆಯುತ್ತಾರೆ. ಅವರಲ್ಲಿ ಹತ್ತರಲ್ಲಿ ಒಬ್ಬರು ಬೆನ್ನು ತಿರುಗಿಸಿ ಅಳಿವೆಯ ಕಡೆ ಬಂದರೆ ಸಾಕು. ಹತ್ತಕ್ಕೆ ಹತ್ತೂ ಬರುವುದು ಬೇಡ, ಕಟ್ಟೆ ತಡೆಯುವುದಿಲ್ಲ. ಗಜನಿ ರೈತರ ಸಂಘದವರು ಒಪ್ಪದೆ ಅಲ್ಲಿ ಒಂದು ಬೋರ್ಡೂ ನೆಡಬಾರದು ಅನ್ನುವುದು ನನ್ನ ಅಭಿಪ್ರಾಯ. ಕಟ್ಟೆ ಅವರ ಹೊಟ್ಟೆಪಾಡು, ನಮ್ಮ ಭಾನುವಾರ ಅಲ್ಲ.

ನಾಲ್ಕನೆಯದನ್ನು ನೀವು ಹೇಳುವ ಮೊದಲೇ ಬೇಡ ಅನ್ನುತ್ತೇನೆ. ಸೊಪ್ಪಿನ ಬೆಟ್ಟದ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿನ, ದಾರಿಗಳು. ಪ್ರತಿ ತೋಟಕ್ಕೂ ಬೆಟ್ಟ ಇದೆ, ಬೆಟ್ಟಕ್ಕೆ ದಾರಿ ಇದೆ, ದಾರಿಗೆ ದನ ತಡೆಯುವ ದಣಪೆ ಇದೆ. ನೋಡಲು ಚಂದ. ಆದರೆ ಅದು ಅರಣ್ಯದ ನೆಲ, ಬಳಸುವ ಹಕ್ಕು ಮಾತ್ರ ತೋಟದವರದು. ಅಲ್ಲಿ ಹೊರಗಿನವರ ಓಡಾಟ ಶುರುವಾದರೆ ಎರಡೂ ಕಡೆಯವರು ಸಿಟ್ಟಾಗುತ್ತಾರೆ. ಜಿಲ್ಲೆಯ ಹತ್ತರಲ್ಲಿ ಎಂಟು ಪಾಲು ಕಾಡು, ಕಾಳಿ ಹುಲಿ ರಕ್ಷಿತ ಪ್ರದೇಶ ಬೇರೆ. 1980ರ ಅರಣ್ಯ ಕಾಯ್ದೆ ದಾಟಿ ಹೊಸ ದಾರಿ ಕಡಿಯುವ ಆಸೆ ಬಿಟ್ಟರೆ ಕೆಲಸ ಬೇಗ ಆಗುತ್ತದೆ.

ಇನ್ನು ನೀರು. ನನ್ನ ಪ್ರಕಾರ ಇದೇ ಅಸಲು ವಿಷಯ, ಸೈಕಲ್ ಅಲ್ಲ. ಹಳಿ ಕಿತ್ತ ದಾರಿಗೆ ಅಲ್ಲಿ ಏನು ಮಾಡುತ್ತಾರೆ? ದಪ್ಪ ಜಲ್ಲಿ ತೆಗೆದು, ಸಣ್ಣ ಜಲ್ಲಿ ಮತ್ತು ಕಲ್ಲಿನ ಪುಡಿ ಹಾಸಿ, ನೀರು ಹೊಡೆದು ರೋಲರ್ ಓಡಿಸುತ್ತಾರೆ. ಸೇತುವೆಗೆ ಹಲಗೆ, ಪಕ್ಕಕ್ಕೆ ಕಂಬಿ. ಮುಗಿಯಿತು. ಒಟಾಗೊದ ಆ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ 400 ಮಿ.ಮೀ. ಸುತ್ತಮುತ್ತ. ನಮ್ಮ ಕರಾವಳಿಯಲ್ಲಿ 3,000 ದಾಟುತ್ತದೆ. ಅವರ ವರ್ಷದ ಮಳೆ ನಮ್ಮ ಜುಲೈನ ಜೋರು ಮಳೆಯ ಒಂದು ವಾರದಲ್ಲಿ ಬಿದ್ದುಹೋಗಬಹುದು. ಅವರ ಕಲ್ಲುಪುಡಿ ದಾರಿಯನ್ನು ಇಲ್ಲಿ ಮಾಡಿದರೆ ಆಗಸ್ಟಿನಲ್ಲಿ ಅದು ಕೆಳಗಿನ ಗದ್ದೆಯಲ್ಲಿ ಇರುತ್ತದೆ.

ಹಳೇ ಗಾಡಿರಸ್ತೆಯ ಮೋರಿಯನ್ನು ಬಗ್ಗಿ ನೋಡಿದ್ದೀರಾ? ಕೆತ್ತಿದ ಚಿರೇಕಲ್ಲು ಅಥವಾ ಕರಿಕಲ್ಲು, ಎರಡು ಗೋಡೆ, ಮೇಲೆ ಚಪ್ಪಡಿ. ಒಳಗೆ ತೂರಿ ಹೋಗುವಷ್ಟು ಎತ್ತರ, ಯಾಕೆಂದರೆ ಒಬ್ಬ ಆಳು ಬುಟ್ಟಿ ಹಿಡಿದು ಒಳಗೆ ಹೋಗಿ ಮಣ್ಣು ತೆಗೆಯಬೇಕು. ನೀರು ಹೊರಬೀಳುವ ಕಡೆ ಕಲ್ಲು ಹಾಸಿರುತ್ತಾರೆ, ನೆಲ ಕೊರೆಯಬಾರದು ಅಂತ. ಎರಡು ಮೋರಿಗಳ ನಡುವೆ ಗುಡ್ಡದ ಕಡೆಗೆ ಗಟಾರ. ಈಗ ನಾವು ಹಾಕುವ ಸಿಮೆಂಟ್ ಪೈಪಿಗೆ ದರಕು (ಒಣಗಿದ ಎಲೆ), ಟೊಂಗೆ, ಪ್ಲಾಸ್ಟಿಕ್ ಬಾಟಲಿ ಸೇರಿ ಬಾಯಿ ಕಟ್ಟಿದರೆ ಒಳಗೆ ಹೋಗುವವರು ಯಾರು? ನೀರು ರಸ್ತೆಯ ಮೇಲೆ ಹತ್ತುತ್ತದೆ, ಕೆಳಗಿನ ಅಂಚು ಕುಸಿಯುತ್ತದೆ, ನಾವು ಮಳೆಯನ್ನು ಬೈಯುತ್ತೇವೆ.

ಗುಡ್ಡ ಕಡಿದರೆ ಏನಾಗುತ್ತದೆ ಅನ್ನುವುದನ್ನು ಅಂಕೋಲಾದ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದಾಗ ನೋಡಿದೆವು. ಹೆಚ್ಚು ಹೇಳುವುದಿಲ್ಲ, ಆ ಕಡೆಯವರು ಇಲ್ಲಿದ್ದೀರಿ. ಮೂರು ವಾರದಲ್ಲಿ, ಆಗಸ್ಟ್ 6ರ ನಡುರಾತ್ರಿ ಕಳೆದ ಮೇಲೆ, ಕಾರವಾರದ ಕಾಳಿ ಹೊಳೆಯ ಹಳೇ ಸೇತುವೆ ಲಾರಿಯ ಸಮೇತ ಬಿತ್ತು. ಅದೇ ವರ್ಷ ಸೆಪ್ಟೆಂಬರ್ ಕೊನೆಗೆ ಹೆಲೀನ್ ಚಂಡಮಾರುತ ಡಮಾಸ್ಕಸಿನ ಮೇಲೆ ಹಾದುಹೋಯಿತು. ವೈಟ್‌ಟಾಪಿನಿಂದ ಇಳಿಯುವ ಅರ್ಧ ದಾರಿ, ಆ ಮರದ ಸೇತುವೆಗಳು, ಹಳ್ಳದ ಪಾಲಾದವು. ಕೆಳಗಿನ ಅರ್ಧ ಉಳಿಯಿತು. ಆದರೆ ವ್ಯಾನಿನವರ, ಬಾಡಿಗೆ ಸೈಕಲಿನವರ ಬದುಕು ಇದ್ದದ್ದು ಮೇಲಿನ ಅರ್ಧದಲ್ಲಿ. ಒಂದೇ ಇಳಿತಕ್ಕೆ ಇಡೀ ಊರನ್ನು ಕಟ್ಟಿಹಾಕಿದರೆ ಹೀಗಾಗುತ್ತದೆ. ನಮ್ಮಲ್ಲಿ ಒಂದೇ ದೊಡ್ಡ ದಾರಿ ಬೇಡ, ಹತ್ತು, ಹದಿನೈದು ಕಿ.ಮೀ.ಯ ನಾಲ್ಕಾರು ಇರಲಿ ಅಂತ ನಾನು ಹೇಳುವುದು ಇದಕ್ಕೇ.

ಕಾಲದ ಬಗ್ಗೆಯೂ ಸತ್ಯ ಹೇಳಬೇಕು. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಉಂಬಳ. ಆಮೇಲೆ ಚಳಿಗಾಲ, ಆಹಾ, ಸೈಕಲಿಗೆ ಹೇಳಿ ಮಾಡಿಸಿದ ಹವೆ ಅನ್ನುತ್ತೀರಿ. ಹೌದು, ಡಿಸೆಂಬರ್‌ವರೆಗೆ. ಅಲ್ಲಿಂದ ಮೇವರೆಗೆ ಉಣುಗಿನ ಕಾಲ. ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು. ಸಿದ್ದಾಪುರ ತಾಲೂಕಿನಲ್ಲಿ 2024ರಲ್ಲೂ ಅದರಿಂದ ಜನ ಸತ್ತರು. ದರಕು ಗುಡಿಸಲು ಹೋಗುವ ಹೆಂಗಸರಿಗೆ ಮೈಗೆ ಎಣ್ಣೆ ಹಚ್ಚಿಕೊಳ್ಳಿ, ಮಂಗ ಸತ್ತ ಜಾಗಕ್ಕೆ ಹೋಗಬೇಡಿ ಅಂತ ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೇಳುವ ದಿನಗಳಲ್ಲಿ, ಚಡ್ಡಿ ಹಾಕಿಕೊಂಡು ಕಾಡಿನ ದಾರಿಯಲ್ಲಿ ಸೈಕಲ್ ತುಳಿಯಿರಿ ಅಂತ ನಾವು ಪೋಸ್ಟರ್ ಹಚ್ಚಬಾರದು. ಕಾಡಂಚಿನ ದಾರಿ ಅಕ್ಟೋಬರ್, ನವೆಂಬರ್‌ಗೆ ಇರಲಿ. ಉಳಿದ ತಿಂಗಳು ಕರಾವಳಿ, ಬನವಾಸಿ ಸೀಮೆ. ಬರುವವರಿಗೆ ಬೇಜಾರಾಗಬಹುದು. ಆಗಲಿ.

ಇಷ್ಟೆಲ್ಲ ಯಾರಿಗಾಗಿ? ಹೊರಗಿನವರಿಗೆ ಮಾತ್ರ ಆದರೆ ನನಗೆ ಆಸಕ್ತಿ ಇಲ್ಲ. 2006–07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ನಮ್ಮ ಹಳ್ಳಿಗಳಲ್ಲಿ ಎಷ್ಟು ಹುಡುಗಿಯರು ಅದರಿಂದ ಹೈಸ್ಕೂಲು ಮುಗಿಸಿದರು ಅಂತ ಮೇಷ್ಟ್ರುಗಳನ್ನು ಕೇಳಿ. ಕೋವಿಡ್ ಬಂದ ಮೇಲೆ ಅದು ನಿಂತಿತು. ಆ ಸೈಕಲುಗಳು ಇನ್ನೂ ಕೊಟ್ಟಿಗೆಯ ಗೋಡೆಗೆ ಒರಗಿ ನಿಂತಿವೆ. ಮಕ್ಕಳು ಹೋಗಬೇಕಾದದ್ದು ಟಿಪ್ಪರು ಓಡುವ ರಸ್ತೆಯಲ್ಲಿ, ಅಪ್ಪ ಅಮ್ಮನಿಗೆ ಕಳಿಸಲು ಧೈರ್ಯ ಇಲ್ಲ. ಹಳೇ ತಿರುವಿನ ಎರಡು ಕಿ.ಮೀ. ದಾರಿಯಿಂದ ಒಂದು ಶಾಲೆಗೆ ಹೋಗಲು ಆಗುತ್ತದೆ ಅಂದರೆ, ಮೊದಲು ಆ ಎರಡು ಕಿ.ಮೀ. ಆಗಲಿ. ಬೆಂಗಳೂರಿನವರು ಅದೇ ದಾರಿಯಲ್ಲಿ ಭಾನುವಾರ ಬರಲಿ.

ಪ್ರಶ್ನೆಗಳಿಗೆ ಬರುತ್ತೇನೆ.

ಹಿಂದಿನ ಸಾಲಿನ ಅಣ್ಣ ಕೇಳಿದ್ದು: ದಾರಿ ಮಾಡಿದ ಮರುದಿನವೇ ಬೈಕಿನವರು ನುಗ್ಗುತ್ತಾರಲ್ಲ? ನುಗ್ಗುತ್ತಾರೆ. ಬೇರೆ ಕಡೆ ನಡುವೆ ಕಂಬ ನೆಡುತ್ತಾರೆ. ನಮ್ಮಲ್ಲಿ ಕಂಬದ ಪಕ್ಕದಲ್ಲಿ ಬೈಕ್ ತೂರಿಸುವ ಜಾಣರಿದ್ದಾರೆ. ನನಗೆ ದಣಪೆಯೇ ಸರಿ ಕಾಣುತ್ತದೆ. ದನ ದಾಟಬಾರದು, ಆಳು ದಾಟಬೇಕು ಅಂತ ನಮ್ಮ ಹಿರಿಯರು ಮಾಡಿದ್ದು. ಸೈಕಲನ್ನು ಎತ್ತಿ ದಾಟಿಸಬಹುದು, ಬುಲೆಟ್ ಎತ್ತಲಿ ನೋಡೋಣ. ಆದರೆ ಗಾಲಿಕುರ್ಚಿಯವರಿಗೆ ಅದು ಆಗುವುದಿಲ್ಲ. ಶಾಲೆಯ ದಾರಿ ಇರುವಲ್ಲಿ ಬಾಗಿಲೇ ಬೇಕು, ಬೀಗದ ಕೈ ಶಾಲೆಯ ಹತ್ತಿರ ಇರಬೇಕು.

ಇನ್ನೊಬ್ಬರು, ಅಮ್ಮ, ನೀವು ಕೇಳಿದ್ದು: ಕರೆಂಟಿನ ಸೈಕಲ್ ಬಂದಿದೆಯಲ್ಲ, ಚಡಾವಿನ ಲೆಕ್ಕ ಇನ್ನು ಯಾಕೆ? ಒಳ್ಳೆಯ ಪ್ರಶ್ನೆ. ಹತ್ತುವುದನ್ನು ಮೋಟಾರು ನೋಡಿಕೊಳ್ಳುತ್ತದೆ. ಇಳಿಯುವುದನ್ನು ನೋಡಿಕೊಳ್ಳುವುದಿಲ್ಲ. ಭಾರದ ಸೈಕಲ್, ನೂರಕ್ಕೆ 7ರ ಇಳುಕಲು, ಮಂಜು ಬಿದ್ದ ಬೆಳಿಗ್ಗೆ, ಅಭ್ಯಾಸ ಇಲ್ಲದ ಕೈ. ಸಣ್ಣ ಏರು ಇಳಿಯುವವರಿಗೂ ಬೇಕು.

ಖರ್ಚು ಯಾರು ಕೊಡುತ್ತಾರೆ ಅಂತ ಮೂರು ಜನ ಕೇಳಿದ್ದೀರಿ. ದಾರಿ ಮಾಡಲು ಹಣ ಎಲ್ಲಿಂದಲಾದರೂ ಬರುತ್ತದೆ. ರಿಬ್ಬನ್ ಕತ್ತರಿಸಲು ಅವಕಾಶ ಇರುವ ಕೆಲಸಕ್ಕೆ ನಮ್ಮಲ್ಲಿ ಹಣ ನಿಂತಿದ್ದಿಲ್ಲ. ಪ್ರತಿ ವರ್ಷ ಮೇ ಕೊನೆಯ ವಾರ ಮೋರಿಯ ಮಣ್ಣು ತೆಗೆಯುವುದಕ್ಕೆ ರಿಬ್ಬನ್ ಇಲ್ಲ. ಅದನ್ನು ಪಂಚಾಯತಿಯ ಉದ್ಯೋಗ ಖಾತ್ರಿ ಕೆಲಸಕ್ಕೆ ಸೇರಿಸಲು ಆಗುತ್ತದೆಯೇ ಅಂತ ಮೊದಲು ಕೇಳಿಕೊಂಡು ಬನ್ನಿ, ಆಮೇಲೆ ನಕ್ಷೆ ಬರೆಯೋಣ. ನಾನು ಮಟ್ಟ ನೋಡುವ ಸಾಮಾನು ತರುತ್ತೇನೆ. ಕತ್ತಿ, ಬುಟ್ಟಿ ನೀವು ತನ್ನಿ. ಮೋರಿ ಹುಡುಕಲು ಮೊದಲು ಜಿಗ್ಗು ಸವರಬೇಕಾಗುತ್ತದೆ.